ಹಿಡಿಯೊಳಗಿನ ಕೆಂಪು ನೂಲು

ಆ ಊರಿನಲ್ಲಿ ಹಲ್ಲು ಬಿಟ್ಟು ನಗುವ ಮುದುಕ ಮುದುಕಿಯರಲ್ಲಿ ಅರ್ಧದಷ್ಟು ಜನ ನಗುತ್ತಿದ್ದದ್ದು ಹಲ್ಲಕ್ಕನ ಹಲ್ಲಿನಿಂದ. ಹಾಗಂತ ಅವರಲ್ಲಿ ಹೆಚ್ಚಿನವರು ಅವಳ ಮುಖ ಕಂಡವರಲ್ಲ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅವಳು ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಕೂತು, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಅಕ್ರಿಲಿಕ್ ಪುಡಿಗೆ ದ್ರವ ಬೆರೆಸಿ ಕಲೆಸಿದ ಗುಲಾಬಿ ಹಿಟ್ಟಿನಿಂದ ವಸಡು ಕಟ್ಟಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು, ಡಬ್ಬಿಗೆ ಹಾಕಿ ವಾಪಸು ಕಳಿಸುತ್ತಿದ್ದಳು. ಹೆಸರೆಲ್ಲ ವೈದ್ಯರಿಗೆ, ಧೂಳೆಲ್ಲ ಇವಳ ಮೂಗಿಗೆ.

ಅದಕ್ಕೆ ಅವಳಿಗೇನೂ ಬೇಜಾರಿರಲಿಲ್ಲ. ಬೇಜಾರು ಮಾಡಿಕೊಳ್ಳಲು ಅವಳ ಗಂಡ ಬಿಡುತ್ತಲೂ ಇರಲಿಲ್ಲ. ಅವನು ಬಸ್ ಕಂಡಕ್ಟರ್. ಸಂಜೆ ಮನೆಗೆ ಬಂದವನೇ ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿ ವರದಿ ಒಪ್ಪಿಸುತ್ತಿದ್ದ: "ಇವತ್ತು ನಿನ್ನ ಮೂರು ಸೆಟ್ಟು ನನ್ನ ಬಸ್ಸಲ್ಲಿ ಬಂದ್ವು ಕಣೇ. ಎರಡು ಸುಮ್ನೆ ಕೂತಿದ್ವು. ಒಂದು ಮಾತ್ರ ಚಿಲ್ಲರೆಗೆ ನನ್ನ ಜೊತೆ ಜಗಳ ಆಡ್ತು. ಅದನ್ನ ಇನ್ನೊಂಚೂರು ಬಿಗಿಯಾಗಿ ಮಾಡಬೇಕಿತ್ತು ನೀನು, ಬಾಯೇ ಬಿಡೋಕಾಗದ ಹಾಗೆ."

ಸೆಟ್ಟು ಮುರಿದವರು, ಸಡಿಲಾದವರು ಮಾತ್ರ ನೇರವಾಗಿ ಅವಳ ಬಾಗಿಲಿಗೆ ಬರುತ್ತಿದ್ದರು. ಹಾಗೆ ಬಂದವರು ಗುರಿಕಾರರ ಕ್ಲಬ್ಬಿನ ಕಾರ್ಯದರ್ಶಿಗಳು. ಪಿಸ್ತೂಲು, ರೈಫಲ್ಲು ಹಿಡಿದು ಕಾಗದದ ಗುರಿಗೆ ಹೊಡೆಯುವವರ ಹಳೆಯ ಕ್ಲಬ್ಬು ಅದು. ಅಲ್ಲಿ ಕಾರ್ಯದರ್ಶಿಗಳು ಗುರಿ ಹೊಡೆದದ್ದಕ್ಕಿಂತ ಭಾಷಣ ಹೊಡೆದದ್ದೇ ಹೆಚ್ಚು. ಹಿಂದಿನ ದಿನದ ಸಭೆಯಲ್ಲಿ 'ಸನ್ಮಾನ್ಯ ಅಧ್ಯಕ್ಷರೇ' ಎನ್ನಲು ಹೋಗಿ 'ಸನ್' ಎನ್ನುವಷ್ಟರಲ್ಲಿ ಮೇಲಿನ ಸೆಟ್ಟು ಜಾರಿ ಅಧ್ಯಕ್ಷರ ನೀರಿನ ಲೋಟಕ್ಕೇ ಬಿದ್ದಿತ್ತಂತೆ.

ಹಲ್ಲಕ್ಕ ನಗು ನುಂಗಿಕೊಂಡು ಸೆಟ್ಟನ್ನು ಕೈಗೆ ತೆಗೆದುಕೊಂಡಳು. ಬಾಯಿ ಖಾಲಿಯಾದರೂ ಕಾರ್ಯದರ್ಶಿಗಳು ಸುಮ್ಮನಿರುವ ಪೈಕಿ ಅಲ್ಲ. ಬೊಚ್ಚು ಬಾಯಲ್ಲೇ ಕ್ಲಬ್ಬಿನ ಕಷ್ಟ ಹೇಳಿಕೊಂಡರು. ಲೈಸೆನ್ಸ್ ಅಧಿಕಾರಿ ಆಯುಧದ ಬೀರು ತಪಾಸಣೆ ಮಾಡಿದ್ದಾರೆ. ಕೆಳಗಿನ ಗೂಡಿನಲ್ಲಿ ಒಂದು ಹಳೇ ಪಿಸ್ತೂಲು ಸಿಕ್ಕಿದೆ. ಅದಕ್ಕೆ ಕಂಪನಿಯ ಹೆಸರಿಲ್ಲ, ನಂಬರಿಲ್ಲ, ಯಾರದೆಂದು ಬಲ್ಲವರಿಲ್ಲ. ಯಾರು ಮಾಡಿದ್ದು, ಯಾರಿಗಾಗಿ ಮಾಡಿದ್ದು ಎಂದು ತಿಂಗಳೊಳಗೆ ತೋರಿಸಿದರೆ ಕ್ಲಬ್ಬಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಕುಲುಮೆಗೆ.

"ಕೈಯಲ್ಲೇ ಮಾಡಿದ್ದು ಕಣಮ್ಮ," ಎಂದರು ಕಾರ್ಯದರ್ಶಿಗಳು. "ಹಿಡಿ ಮೇಲಿನ ಕಪ್ಪು ಬಣ್ಣ ಒಂದು ಕಡೆ ಎದ್ದಿದೆ. ಒಳಗೆ ಮರ ಇರುತ್ತೆ ಅಂತ ನೋಡಿದ್ರೆ ಗುಲಾಬಿ! ನಿನ್ನ ಈ ವಸಡಿನ ಹಾಗೇ ಇದೆ."

ಹಲ್ಲಕ್ಕನ ಕೈ ನಿಂತಿತು. "ಗುಲಾಬಿನಾ? ನಾನೊಂದ್ಸಲ ನೋಡಬಹುದಾ ಸರ್?"

"ಮೊದಲು ಹಲ್ಲು ಕೊಡು, ಆಮೇಲೆ ಪಿಸ್ತೂಲು."

ಮರುದಿನ ಬೆಳಿಗ್ಗೆ ಅವಳು ಕ್ಲಬ್ಬಿಗೆ ಹೋದಳು. ಉದ್ದನೆಯ ತಗಡಿನ ಮಾಡು, ಕೊನೆಯಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಸಾಲಾಗಿ ಕಾಗದದ ಗುರಿಗಳು. ಪಕ್ಕದ ಕೋಣೆಯಲ್ಲಿ ಕ್ಲಬ್ಬಿನ ಬಂದೂಕುಗಳನ್ನು ನೋಡಿಕೊಳ್ಳುವ ಮನುಷ್ಯನಿದ್ದ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವನನ್ನು ಬಂದೂಕುಮಾವ ಎನ್ನುತ್ತಿದ್ದರು. ಕೋಪ ಅವನ ಮೂಗಿನ ತುದಿಯಲ್ಲೇ ಬಾಡಿಗೆಗಿತ್ತು. ಹಲ್ಲಕ್ಕ ಒಳಗೆ ಕಾಲಿಟ್ಟಾಗ ಅವನು ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಅದರ ಮೇಲೆ ಪಿಸ್ತೂಲನ್ನು ಮಲಗಿಸಿ, ಹತ್ತಿಗೆ ಸ್ಪಿರಿಟ್ ಅದ್ದಿ ಹಿಡಿಯನ್ನು ಒರೆಸಲು ಕೈ ಎತ್ತಿದ್ದ.

"ಅಯ್ಯೋ ಮಾವ, ಬೇಡ!" ಅವಳು ಕೂಗಿದ ಕೂಗಿಗೆ ಹತ್ತಿ ಅವನ ಕೈಯಿಂದ ಕೆಳಗೆ ಬಿತ್ತು.

"ಯಾರಮ್ಮ ನೀನು? ಬೆಂಕಿ ಬಿದ್ದ ಹಾಗೆ ಕೂಗ್ತಿದೀಯ!"

"ಅದು ಅಕ್ರಿಲಿಕ್ ಆಗಿದ್ರೆ ಸ್ಪಿರಿಟ್ ತಾಗಿದ ಕೂಡ್ಲೇ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತೆ. ಆಮೇಲೆ ದೇವರು ಬಂದ್ರೂ ಕೂಡಿಸೋಕಾಗಲ್ಲ."

ಬಂದೂಕುಮಾವ ಹತ್ತಿಯನ್ನೊಮ್ಮೆ ನೋಡಿ, ಅವಳನ್ನೊಮ್ಮೆ ನೋಡಿ, ಸ್ಪಿರಿಟ್ ಬಾಟಲಿಯ ಮುಚ್ಚಳ ಬಿಗಿದ. ಆದರೆ ಹಲ್ಲಕ್ಕನೂ ಸಾಚಾ ಏನಲ್ಲ. ಕುತೂಹಲ ತಡೆಯಲಾರದೆ ಎದ್ದುಬಂದಿದ್ದ ಬಣ್ಣದ ಅಂಚನ್ನು ಉಗುರಿನಿಂದ ಕೆರೆದೇಬಿಟ್ಟಳು. ಸಾಸಿವೆ ಕಾಳಿನಷ್ಟು ಚಕ್ಕೆ ಉದುರಿತು.

ಈಗ ಕೂಗುವ ಸರದಿ ಅವನದು. "ಉಗುರು ತೆಗಿ! ನನಗೆ ಬುದ್ಧಿ ಹೇಳಿ ನೀನೇ ಕೆರೀತೀಯಲ್ಲ? ಈ ಬಣ್ಣಕ್ಕೂ ಅಷ್ಟೇ ವಯಸ್ಸಾಗಿದೆ. ಹೋದದ್ದು ಹೋಯ್ತು, ಮತ್ತೆ ಬರುತ್ತಾ?"

ಅವಳು ನಾಲಿಗೆ ಕಚ್ಚಿಕೊಂಡು ಕೈ ಹಿಂದಕ್ಕೆ ಕಟ್ಟಿ ನಿಂತಳು. ಒಬ್ಬರಿಗೊಬ್ಬರು ಬೈದದ್ದು ಸರಿಸಮವಾದ ಮೇಲೆ ಇಬ್ಬರಿಗೂ ಸಮಾಧಾನವಾಯಿತು. ಬಂದೂಕುಮಾವ ಅವಳಿಗೊಂದು ಸ್ಟೂಲು ಎಳೆದುಕೊಟ್ಟು ತಾನು ಕಂಡುಕೊಂಡದ್ದನ್ನು ಹೇಳಿದ. ಒಂದು ಸಲಕ್ಕೆ ಒಂದೇ ಗುಂಡು ಹಾಕುವ ಪಿಸ್ತೂಲು. ನಳಿಗೆಯನ್ನು ಯಾವುದೋ ಹಳೆಯ ರೈಫಲ್ಲಿನಿಂದ ಕತ್ತರಿಸಿ, ಹೊರಮೈಗೆ ಎಂಟು ಮಗ್ಗುಲು ಕೊಟ್ಟಿದ್ದಾರೆ. ಉಳಿದದ್ದೆಲ್ಲ ಲೇತ್ ಯಂತ್ರದಲ್ಲಿ ಕಡೆದದ್ದು. ಒಳಗಿನ ಪ್ರತಿ ತುಂಡಿನ ಮೇಲೂ ಮೂರು ಚುಕ್ಕಿಗಳ ಸಣ್ಣ ಗುರುತಿದೆ. "ಕೆಲಸಗಾರ ಅಂದ್ರೆ ಇವನು. ಆದ್ರೆ ತಲೆ ಕೆಟ್ಟವನೋ ಏನೋ. ಟ್ರಿಗರ್ ನೋಡು, ಅಷ್ಟು ಕೆಳಗಿಟ್ಟಿದಾನೆ. ತೋರುಬೆರಳು ಅಲ್ಲಿಗೆ ಹೋಗೋದೇ ಇಲ್ಲ."

ಹಲ್ಲಕ್ಕ ಅವನ ಅಪ್ಪಣೆ ಪಡೆದು ಪಿಸ್ತೂಲನ್ನು ಹಿಡಿದು ನೋಡಿದಳು. ಹಿಡಿ ಅವಳ ಕೈಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೆಬ್ಬೆರಳಿಗೆ ಒಂದು ತಗ್ಗಿತ್ತು. ಕೆಳಗಿನ ಬೆರಳುಗಳಿಗೆ ಒಂದೊಂದು ಸಾಲಿತ್ತು. ತೋರುಬೆರಳಿಗೆ ಮಾತ್ರ ಜಾಗವೇ ಇಲ್ಲ. ಅದಿರಬೇಕಾದ ಕಡೆ ದುಂಡಗೆ ಒಂದು ಗೂಡು, ಒಂದು ಗೆಣ್ಣಿನಷ್ಟೇ ಆಳ. ಟ್ರಿಗರ್ ಸಿಕ್ಕಿದ್ದು ನಡುಬೆರಳಿಗೆ.

"ಮಾವ, ಮಾಡಿದವನ ತಲೆ ಸರಿಯಾಗೇ ಇತ್ತು," ಎಂದಳು ಮೆಲ್ಲಗೆ. "ಹಿಡಿದವರಿಗೆ ತೋರುಬೆರಳು ಇರಲಿಲ್ಲ."

ಬಂದೂಕುಮಾವ ತನ್ನ ಹಣೆಗೆ ತಾನೇ ಒಂದು ಪೆಟ್ಟು ಕೊಟ್ಟುಕೊಂಡ.

ಅವಳು ಕೆಲಸದ ಭೂತಗನ್ನಡಿಯನ್ನು ಕಣ್ಣಿಗೆ ಏರಿಸಿ ಬಣ್ಣ ಎದ್ದು ಕಾಣುತ್ತಿದ್ದ ಆ ಗುಲಾಬಿ ಜಾಗದ ಮೇಲೆ ಬಗ್ಗಿದಳು. ನೋಡಿದಳು, ಕನ್ನಡಿ ಒರೆಸಿಕೊಂಡು ಮತ್ತೆ ನೋಡಿದಳು. ಗುಲಾಬಿಯ ಒಳಗೆ ಕೂದಲಿಗಿಂತ ಸಣ್ಣ ಕೆಂಪು ಎಳೆಗಳು, ವಸಡಿನಲ್ಲಿ ಕಾಣುವ ರಕ್ತನಾಳದ ಹಾಗೆ, ಅಲ್ಲೊಂದು ಇಲ್ಲೊಂದು. ಈಗ ಎಳೆ ಬೆರೆಸಿದ ಪುಡಿ ಕಾರ್ಖಾನೆಯಿಂದಲೇ ಬರುತ್ತದೆ. ಆ ಕಾಲದಲ್ಲಿ ಬರುತ್ತಿರಲಿಲ್ಲ. ಆ ಕಾಲದಲ್ಲಿ ಈ ಊರಿನಲ್ಲಿ ಹೊಲಿಗೆಯ ರೇಷ್ಮೆ ನೂಲನ್ನು ಪುಡಿಪುಡಿ ಕತ್ತರಿಸಿ ಹಿಟ್ಟಿಗೆ ಸೇರಿಸುತ್ತಿದ್ದವರು ಒಬ್ಬರೇ ಇದ್ದರು. ಆ ನೂಲನ್ನು ಕತ್ತರಿಸಿ ಕತ್ತರಿಸಿ ಇವಳ ಬೆರಳಿಗೆ ಗುಳ್ಳೆ ಬಂದಿದ್ದೂ ಉಂಟು.

"ಇದು ನನಗೆ ಹಲ್ಲು ಕಟ್ಟೋದು ಕಲಿಸಿದ ನಮ್ಮ ಮೇಷ್ಟ್ರ ಕೆಲಸ," ಎಂದಳು. ಅವರು ಮಾಡಿದ ಹಲ್ಲುಗಳು ಹೆಚ್ಚುಕಡಿಮೆ ಎಲ್ಲ ಬಾಯಿಗಳ ಜೊತೆಗೇ ಮಣ್ಣು ಸೇರಿದ್ದವು. ಅವರ ಕೈಕೆಲಸ ಎಂದು ತೋರಿಸಲು ಊರಿನಲ್ಲಿ ಏನೂ ಉಳಿದಿಲ್ಲವೆಂದೇ ಅವಳು ತಿಳಿದಿದ್ದಳು.

ಪಿಸ್ತೂಲು ಕ್ಲಬ್ಬಿನ ಹೊಸ್ತಿಲು ದಾಟುವಂತಿರಲಿಲ್ಲ. ಹಿಡಿಯೊಂದನ್ನು ಒಯ್ಯಲು ಅಡ್ಡಿಯಿರಲಿಲ್ಲ. ಬಂದೂಕುಮಾವ ತಿರುಪಿಗೆ ಸರಿಯಾಗಿ ಹೊಂದುವ ಸ್ಕ್ರೂ ಡ್ರೈವರ್ ಸಿಗುವವರೆಗೂ ಪೆಟ್ಟಿಗೆಯೆಲ್ಲ ತಡಕಾಡಿ, ತಿರುಪಿನ ತಲೆಗೆ ಒಂದು ಗೀರೂ ಬೀಳದ ಹಾಗೆ ಹಿಡಿಯನ್ನು ಬಿಚ್ಚಿದ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು, ಮರಿಯನ್ನು ಜಾಗ ಬದಲಿಸುವ ಬೆಕ್ಕಿನ ಹಾಗೆ ಹಿಂದೆ ಮುಂದೆ ನೋಡುತ್ತ ಹೊರಟ. ಹಲ್ಲಕ್ಕ ದಾರಿ ತೋರಿಸಿದಳು.

ಮೇಷ್ಟ್ರು ಮಗಳ ಮನೆಯ ಮಹಡಿಯಲ್ಲಿದ್ದರು. ತೊಂಬತ್ತು ದಾಟಿತ್ತು. ಕಿವಿ ಪೂರ್ತಿ ಹೋಗಿತ್ತು. ಬಾಯಲ್ಲಿ ತಾವೇ ಮಾಡಿಕೊಂಡ ಹಲ್ಲು ಮಾತ್ರ ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಬಾಲ್ಕನಿಯಲ್ಲಿ ಕೂತು ಕುಂಡದ ಗಿಡಗಳಿಗೆ ಚಮಚದಲ್ಲಿ ನೀರು ಹಾಕುತ್ತಿದ್ದರು.

"ಮೇಷ್ಟ್ರೇ, ಇದು ನಿಮ್ಮ ಕೆಲಸ ಹೌದಾ?" ಎಂದು ಹಲ್ಲಕ್ಕ ಅವರ ಕಿವಿಯಲ್ಲಿ ಕೂಗಿದಳು.

"ಹಲ್ಲು ನೋವಾ? ಯಾರಿಗೆ, ಇವರಿಗಾ? ಬಾಯಿ ತೆಗೀರಿ."

ಬಂದೂಕುಮಾವ ಗಾಬರಿಯಿಂದ ಬಾಯಿ ಮುಚ್ಚಿಕೊಂಡ. ಹಲ್ಲಕ್ಕ ಮಾತು ಬಿಟ್ಟು ಹಿಡಿಯನ್ನು ಅವರ ಕೈಗೆ ಕೊಟ್ಟಳು. ಮುದುಕರು ಅದನ್ನು ಕಣ್ಣಿನಿಂದ ನೋಡಲೇ ಇಲ್ಲ. ಹೆಬ್ಬೆರಳನ್ನು ಒಳಗೆ ಇಳಿಸಿ, ತಗ್ಗು ದಿಣ್ಣೆಗಳ ಮೇಲೆ ನಿಧಾನವಾಗಿ ಓಡಿಸಿದರು. ಮುಖ ಅರಳಿತು.

"ನಂದೇ! ಇದನ್ನ ಇನ್ನೂ ಇಟ್ಕೊಂಡಿದಾರಾ? ಮೇಣದಲ್ಲಿ ಕೈ ಅಚ್ಚು ತೆಗ್ದು ತೆಗ್ದು ಸಾಕಾಗಿತ್ತು ನಂಗೆ. ಬಾಯಿ ಅಚ್ಚಾದ್ರೆ ಮನುಷ್ಯ ಸುಮ್ನಿರ್ತಾನೆ. ಕೈ ಅಚ್ಚು ತೆಗೆಯುವಾಗ ಆ ಹೆಂಗಸು ಒಂದೇ ಸಮ ಮಾತಾಡ್ತಿದ್ಳು."

"ಹೆಂಗಸಾ? ಯಾರು ಮೇಷ್ಟ್ರೇ? ಹೆಸರು?" ಈ ಸಲ ಕೈಸನ್ನೆಯನ್ನೂ ಸೇರಿಸಿ ಕೂಗಿದಳು.

"ಹೆಸರು ಯಾರಿಗೆ ಗೊತ್ತು ಹುಡುಗಿ? ಮುಖಾನೂ ನೆನಪಿಲ್ಲ. ಬಾಯಿ ನೆನಪಿದೆ." ಹಲ್ಲಕ್ಕನಿಗೆ ಐವತ್ತು ಕಳೆದಿದ್ದರೂ ಅವರ ಪಾಲಿಗೆ ಅವಳಿನ್ನೂ ಹುಡುಗಿಯೇ. "ಗಂಡ ಲೇತಿನವನು. ಮೂರು ಮಾತಿಗೆ ಒಂದು ತಲೆದೂಗ್ತಿದ್ದ, ಅಷ್ಟೇ. ಅವಳೇ ಆಮೇಲೆ ವಯಸ್ಸಾದ ಮೇಲೆ ಹಲ್ಲು ಮಾಡಿಸ್ಕೊಳ್ಳೋಕೂ ನನ್ನ ಹತ್ರಾನೇ ಬಂದ್ಳು. ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಬಿಡಿ ಅಂದ್ಳು. ದುಡ್ಡು ಕೊಟ್ಟು ಯಾರಾದ್ರೂ ಸಂದು ಮಾಡಿಸ್ಕೊಳ್ತಾರೇನಮ್ಮ ಅಂದೆ. 'ಸಂದಿಲ್ಲದಿದ್ರೆ ಸೀಟಿ ಹೊಡೆಯೋಕಾಗಲ್ಲ ಮೇಷ್ಟ್ರೇ' ಅಂದ್ಳು ನೋಡು!"

ಹಲ್ಲಕ್ಕ ಎದ್ದು ನಿಂತೇಬಿಟ್ಟಳು. ಸಂದು ಬಿಟ್ಟ ಸೆಟ್ಟು! ಅಂಥದ್ದೊಂದು ಎರಡು ವರ್ಷದ ಕೆಳಗೆ ಒಡೆದು ಅವಳ ಕೈಗೇ ಬಂದಿತ್ತು. ಸಂದನ್ನು ದೋಷವೆಂದು ತಿಳಿದು ಚೆಂದವಾಗಿ ಮುಚ್ಚಿ ಕಳಿಸಿದ್ದಳು. ಮಾರನೇ ದಿನವೇ ಕೀಲಿ ಮಾಡುವ ಬೀಗದಜ್ಜಿ ಬಂದು, "ನನ್ನ ಸಂದು ವಾಪಸು ಕೊಡು" ಎಂದು ಬಾಗಿಲಲ್ಲಿ ಧರಣಿ ಕೂತಿದ್ದಳು.

ಬೀಗದಜ್ಜಿಯ ಅಂಗಡಿ ಪೇಟೆಯಲ್ಲಿ, ಒಂದು ಹಳೆಯ ಕಟ್ಟಡದ ಮೆಟ್ಟಿಲಿನ ಅಡಿಗಿತ್ತು. ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಗೋಡೆಯ ತುಂಬ ಇನ್ನೂ ಹಲ್ಲು ಕಡೆಯದ ಹೊಸ ಕೀಲಿಗಳು ನೇತಾಡುತ್ತಿದ್ದವು. ಇವರಿಬ್ಬರು ಹೋದಾಗ ಕೀಲಿ ಕಡೆಯುವ ಯಂತ್ರ ಗರಗರ ಎನ್ನುತ್ತಿತ್ತು, ಅದರ ಸದ್ದಿಗೆ ಸರಿಯಾಗಿ ಅಜ್ಜಿ ಸೀಟಿ ಹೊಡೆಯುತ್ತಿದ್ದಳು. ಗಿರಾಕಿಗಳನ್ನು ಕಂಡವಳೇ ರೂಢಿಯಂತೆ ಬಲಗೈಯನ್ನು ಕೋಟಿನ ಜೇಬಿಗೆ ಇಳಿಸಿದಳು. ಆ ಜೇಬಿನಲ್ಲಿ ಗಂಟಿದೆ, ಅದನ್ನು ಕಾಯುತ್ತಾಳೆ ಎಂದು ಪೇಟೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಹಲ್ಲಕ್ಕನೂ ಹಾಗೆಯೇ ನಂಬಿದ್ದಳು.

"ಏನಮ್ಮ, ನನ್ನ ಸಂದು ಮತ್ತೆ ಮುಚ್ಚೋಕೆ ಬಂದ್ಯಾ?"

"ಇಲ್ಲ ಅಜ್ಜಿ. ಒಂದು ವಸ್ತು ತೋರಿಸೋಣ ಅಂತ."

ಬಂದೂಕುಮಾವ ಬಟ್ಟೆ ಬಿಡಿಸಿ ಹಿಡಿಯನ್ನು ಕಟ್ಟೆಯ ಮೇಲಿಟ್ಟ. ಯಂತ್ರ ತಾನಾಗಿ ತಿರುಗುತ್ತಲೇ ಇತ್ತು. ಸೀಟಿ ಮಾತ್ರ ನಿಂತಿತು. ಅಜ್ಜಿ ಎಡಗೈಯಿಂದ ಯಂತ್ರ ಆರಿಸಿ, ಹಿಡಿಯ ಮೇಲೆ ಬಗ್ಗಿ ನೋಡಿದಳು. ಆಮೇಲೆ ಜೇಬಿನಿಂದ ಬಲಗೈ ಹೊರತೆಗೆದಳು. ತೋರುಬೆರಳಿನ ಜಾಗದಲ್ಲಿ ಒಂದು ಗೆಣ್ಣಷ್ಟೇ ಇತ್ತು. ಆ ಕೈ ಹಿಡಿಯೊಳಗೆ, ಕಾಲುವೆಗೆ ನೀರಿಳಿದ ಹಾಗೆ, ಯಾವ ಸಂದೂ ಬಿಡದೆ ಇಳಿಯಿತು.

"ಕುಲುಮೆಗೆ ಹೋಗಿರುತ್ತೆ ಅಂದ್ಕೊಂಡಿದ್ದೆ," ಎಂದಳು.

"ಒಂದು ಮಾತು ಬಂದು ಕೇಳಬಾರದಿತ್ತಾ ಅಜ್ಜಿ?" ಎಂದ ಬಂದೂಕುಮಾವ. ಅವನ ದನಿಯಲ್ಲಿ ಕೋಪ ಹುಡುಕಿದರೂ ಸಿಗುವಂತಿರಲಿಲ್ಲ.

"ಕೇಳಿದ್ರೆ ಇಲ್ಲ ಅಂದುಬಿಡ್ತೀರಿ. ಕೇಳದೆ ಇದ್ರೆ ಎಲ್ಲೋ ಇದೆ ಅಂತಾದ್ರೂ ಇರುತ್ತಲ್ಲ."

ತನ್ನ ಹಳೆಯ ಕಥೆಯ ಮಟ್ಟಿಗೆ ಬೀಗದಂಗಡಿಯವಳು ಬಾಯಿಗೂ ಬೀಗ ಹಾಕಿಕೊಂಡಿದ್ದಾಳೆ ಎನ್ನುತ್ತಿದ್ದರು ಜನ. ಆ ದಿನ ಬೀಗ ತೆರೆಯಿತು. ಅಜ್ಜಿ ಹರೆಯದಲ್ಲಿ ಕ್ಲಬ್ಬಿನ ಗಟ್ಟಿ ಗುರಿಕಾರ್ತಿ. ಒಂದು ದಿನ ಗಂಡನ ಕಾರ್ಖಾನೆಯಲ್ಲಿ ಅವನಿಗೆ ಕೈಜೋಡಿಸುತ್ತಿದ್ದಾಗ ಯಂತ್ರಕ್ಕೆ ಬೆರಳು ಸಿಕ್ಕಿತು. ಬೆರಳು ಸಿಕ್ಕದಂತೆ ಯಂತ್ರಕ್ಕೆ ಅಡ್ಡ ಹಾಕುವ ತಗಡನ್ನು ಬಿಚ್ಚಿಟ್ಟು ಮತ್ತೆ ಹಾಕಲು ಮರೆತವನು ಅವನೇ.

"ತಪ್ಪಾಯ್ತು ಅಂತ ಒಂದು ಮಾತು ಆಡ್ಲಿಲ್ಲ ಮಹಾರಾಯ. ಅತ್ತಿದ್ರೆ ನಾನಾದ್ರೂ ಸಮಾಧಾನ ಮಾಡ್ತಿದ್ದೆ. ಅದೂ ಇಲ್ಲ. ಕೆಲಸ ಮುಗಿದ ಮೇಲೆ ದಿನಾ ಲೇತಿನ ಮುಂದೆ ಕೂತ್ಕೊಳ್ಳೋನು. ಏನು ಮಾಡ್ತಿದೀರಿ ಅಂದ್ರೆ 'ಏನೋ ಒಂದು' ಅನ್ನೋನು. ನಡುವೆ ಹಲ್ಲಿನ ಮೇಷ್ಟ್ರ ಹತ್ರ ಕರ್ಕೊಂಡು ಹೋಗಿ ನನ್ನ ಕೈ ಅಚ್ಚು ತೆಗೆಸಿದ, ಅದಕ್ಕೂ 'ಏನೋ ಒಂದು' ಅಂದ. ಚಳಿಗಾಲ ಕಳೀತು, ಬೇಸಿಗೆ ಬಂತು. ಒಂದು ಬೆಳಿಗ್ಗೆ ಇದನ್ನ ತಂದು ನನ್ನ ತಟ್ಟೆ ಪಕ್ಕ ಇಟ್ಟು, 'ನಡುಬೆರಳಲ್ಲಿ ಹೊಡೆದು ನೋಡು' ಅಂದ. ನಮ್ಮ ಮದುವೆಯಾದ ಮೇಲೆ ಅವನಾಡಿದ ಅತಿ ಉದ್ದದ ಮಾತು ಅದು."

"ಹೊಡೆದ್ರಾ?" ಎಂದಳು ಹಲ್ಲಕ್ಕ.

"ಮೊದಲ ವರ್ಷ ಮಣ್ಣಿಗೆ ಹೊಡೆದೆ. ಎರಡನೇ ವರ್ಷ ಗುರಿಗೆ ಹೊಡೆದೆ. ಮೂರನೇ ವರ್ಷ ಕಪ್ ಹೊಡೆದೆ!" ಅಜ್ಜಿ ಸಂದು ತೋರಿಸಿ ನಕ್ಕಳು. ಗಂಡ ಹೋದ ಮೇಲೆ ಅದನ್ನು ಹಿಡಿಯಲು ಮನಸ್ಸಾಗದೆ ಕ್ಲಬ್ಬಿನ ಬೀರುವಿನಲ್ಲಿಟ್ಟು ಬಂದಳಂತೆ. ಇಟ್ಟುಕೊಂಡವರು ಒಬ್ಬೊಬ್ಬರಾಗಿ ಹೋದರು. ಪಿಸ್ತೂಲು ಒಂದೊಂದೇ ಗೂಡು ಕೆಳಗಿಳಿಯಿತು.

ಬಂದೂಕುಮಾವ ಮೂರು ಚುಕ್ಕಿಯ ವಿಷಯ ಕೇಳಿದ. ಅಜ್ಜಿ ಮೇಜಿನ ಖಾನೆಯಿಂದ ಒಂದು ಮೋಟು ಉಕ್ಕಿನ ಕಡ್ಡಿ ತೆಗೆದು, ಹಿತ್ತಾಳೆ ಚೂರಿನ ಮೇಲೆ ನಿಲ್ಲಿಸಿ, ಸುತ್ತಿಗೆಯಿಂದ ಟಣ್ ಎನಿಸಿದಳು. ಮೂರು ಚುಕ್ಕಿ ಮೂಡಿತು. "ಅವನ ಸಹಿ. ಬರೆಯೋಕೂ ಸೋಮಾರಿ ಅವನು."

ಲೈಸೆನ್ಸ್ ಅಧಿಕಾರಿ ಬಂದು ಹಿತ್ತಾಳೆ ಚೂರನ್ನು ಪಿಸ್ತೂಲಿನ ಪಕ್ಕದಲ್ಲಿಟ್ಟು ನೋಡಿದರು, ಅಜ್ಜಿಯ ಕೈ ಹಿಡಿಯಲ್ಲಿ ಕೂರುವುದನ್ನೂ ನೋಡಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಒಪ್ಪಿಗೆ ಸಿಕ್ಕಿತು. ಗುಂಡಿನ ಬೆನ್ನಿಗೆ ಬಡಿಯುವ ಪಿನ್ನನ್ನು ತೆಗೆದು ಬೇರೆ ಇಡಬೇಕು ಎಂಬುದೊಂದೇ ಷರತ್ತು. ಬಂದೂಕುಮಾವ ಏನನ್ನೂ ಕತ್ತರಿಸದೆ, ಬೆಸೆಯದೆ ಪಿನ್ನನ್ನು ಬಿಡಿಸಿ ತಿಜೋರಿಗೆ ಸೇರಿಸಿದ.

ಇನ್ನು ಉಳಿದದ್ದು ಜೋಪಾನದ ಕೆಲಸ. ಕಾರ್ಯದರ್ಶಿಗಳಿಗೆ ಅದು ಫಳಫಳ ಹೊಳೆಯಬೇಕೆಂದು ಆಸೆ. "ಹೊಸದರ ಹಾಗೆ ಮಾಡಿಬಿಡಿ" ಎಂದು ಅವರು ಹೇಳಿದ ಕೂಡಲೇ ಬಂದೂಕುಮಾವ, ಹಲ್ಲಕ್ಕ ಇಬ್ಬರೂ ಒಟ್ಟಿಗೇ ತಿರುಗಿಬಿದ್ದರು. ಆದರೆ ಹಿಡಿಯ ಬುಡದಲ್ಲಿದ್ದ ಸೀಳನ್ನು ಕಂಡರೆ ಹಲ್ಲಕ್ಕನ ಕೈ ತುರಿಸುತ್ತಿತ್ತು. "ಚಿಟಿಕೆ ಹಿಟ್ಟು ಕಲೆಸಿ ತುಂಬಿಬಿಟ್ರೆ ಗೊತ್ತೇ ಆಗಲ್ಲ ಮಾವ," ಎಂದಳು.

"ಗೊತ್ತಾಗದೆ ಇರೋದೇ ತಪ್ಪಮ್ಮ. ನಾಳೆ ನೋಡಿದವರು ಯಾವುದು ಮೇಷ್ಟ್ರದು, ಯಾವುದು ನಿಂದು ಅಂತ ಹೇಗೆ ಹೇಳ್ತಾರೆ? ಸೀಳು ಬೆಳೀದ ಹಾಗೆ ನೋಡ್ಕೊ, ಸಾಕು."

ಅವಳು ಒಪ್ಪಿದಳು. ಮೇಷ್ಟ್ರ ಕೆಲಸದೊಳಗೆ ತನ್ನ ಬೆರಳು ಹಾಕದಿರುವುದೂ ಒಂದು ಕೆಲಸವೇ ಎಂದು ಅವಳಿಗೆ ಆಗ ಅನ್ನಿಸಿತು. ಹಿಡಿಯನ್ನು ಒಣ ಬಟ್ಟೆಯಿಂದ ಒರೆಸಿದರು. ಉಕ್ಕಿಗೆ ತೆಳುವಾಗಿ ಎಣ್ಣೆ ಸವರಿದರು, ಅದು ಹಿಡಿಯ ಕಡೆಗೆ ಹರಿಯದಂತೆ ನೋಡಿಕೊಂಡರು. ಪೆಟ್ಟಿಗೆಯನ್ನು ಬಿಸಿಲು ಬೀಳದ ಗೋಡೆಗೆ ಹೊಂದಿಸಿದರು. ಹಲ್ಲಕ್ಕ ಕೆರೆದ ಚುಕ್ಕೆಯನ್ನೂ ಮುಚ್ಚಲಿಲ್ಲ. ಅಲ್ಲಿಂದಲೇ ಒಳಗಿನ ಕೆಂಪು ನೂಲು ಕಾಣುತ್ತಿತ್ತು.

ಕೊನೆಗೆ ಫಲಕದ ಮೇಲೆ ಏನು ಬರೆಯುವುದೆಂಬ ಪ್ರಶ್ನೆ ಬಂತು. ಕಾರ್ಯದರ್ಶಿಗಳು 'ಸನ್ಮಾನ್ಯ'ದಿಂದ ಶುರುವಾಗುವ ಒಂದು ಪುಟ ತಯಾರಿಸಿ ಓದಿದರು. ಹಲ್ಲೂ ಜಾರಲಿಲ್ಲ, ಮಾತೂ ಮುಗಿಯಲಿಲ್ಲ. ಅಜ್ಜಿ ಕೈ ಎತ್ತಿ ತಡೆದಳು.

"ಅಷ್ಟೆಲ್ಲ ಬೇಡ. ಕಬ್ಬಿಣ ಗಂಡನದು, ಹಿಡಿ ಹಲ್ಲಿನ ಮೇಷ್ಟ್ರದು, ಗುರಿ ನಂದು. ಇಷ್ಟೇ ಬರೀರಿ."

ಇಷ್ಟನ್ನೇ ಬರೆಸಿದರು. ಫಲಕ ತೂಗುಹಾಕಿದ ದಿನ ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ ಕರೆತಂದಿದ್ದರು. ಅವರು ಗಾಜಿನೊಳಗೆ ನೋಡುವುದನ್ನು ಬಿಟ್ಟು ಅಜ್ಜಿಯ ಬಾಯನ್ನೇ ದಿಟ್ಟಿಸಿ, "ಸೀಟಿ ಹೊಡೀ ನೋಡೋಣ" ಎಂದರು. ಅಜ್ಜಿ ಕ್ಲಬ್ಬಿನ ತಗಡು ನಡುಗುವ ಹಾಗೆ ಹೊಡೆದಳು. ಕಿವಿ ಕೇಳದ ಮುದುಕರು ಅವಳ ತುಟಿ ನೋಡಿಯೇ ತೃಪ್ತರಾಗಿ ಚಪ್ಪಾಳೆ ತಟ್ಟಿದರು.

ಅಂದಿನಿಂದ ಅಜ್ಜಿ ಭಾನುವಾರಕ್ಕೊಮ್ಮೆ ಕ್ಲಬ್ಬಿಗೆ ಬರತೊಡಗಿದಳು, ಬಲಗೈ ಜೇಬಿನ ಹೊರಗೇ ಬೀಸಿಕೊಂಡು. ಕಣ್ಣು ಮಬ್ಬಾಗಿದೆ, ಗುಂಡು ಹಾರಿಸಿ ಮಾನ ಕಳೆದುಕೊಳ್ಳಲಾರೆ ಎಂದಳು. ಆದರೆ ಕಲಿಸಲು ಕಣ್ಣು ಬೇಕಿಲ್ಲವಲ್ಲ, ಬಾಯಿ ಸಾಕು. ಅವಳ ಕಣ್ಣು ಬಿದ್ದದ್ದು ಹಲ್ಲಕ್ಕನ ಮೇಲೆ.

"ದಿನಾ ಹಲ್ಲು ಜೋಡಿಸೋ ಕೈ ನಡುಗಲ್ಲ. ಬಾ, ಹಿಡಿ."

"ಅಯ್ಯೋ ಅಜ್ಜಿ, ಈ ವಯಸ್ಸಲ್ಲಾ?"

"ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆ ಬೇರೆಯವರಿಗೆ. ಹಲ್ಲು ಮಾಡೋಳು ನೀನೇ ಅಲ್ವಾ?"

ಕಂಡಕ್ಟರ್ ಗಂಡ ರಜೆ ಹಾಕಿ ನೋಡಲು ಬಂದ. ಹಲ್ಲಕ್ಕ ಕ್ಲಬ್ಬಿನ ಪಿಸ್ತೂಲು ಹಿಡಿದು ನಿಂತಳು. ಪಕ್ಕದ ಸಾಲಿನಲ್ಲಿ ಕಾರ್ಯದರ್ಶಿಗಳು ತಮ್ಮ ವಾರದ ಸೋಲಿಗೆ ಸಿದ್ಧರಾಗಿ ನಿಂತಿದ್ದರು. ಅವಳು ಅಜ್ಜಿ ಹೇಳಿದಂತೆ ಉಸಿರು ಬಿಟ್ಟು, ಅರ್ಧದಲ್ಲಿ ಹಿಡಿದು, ಟ್ರಿಗರನ್ನು ಮೆಲ್ಲಗೆ ಒತ್ತಿದಳು. ಢಂ ಎಂದಿತು. ಅವಳ ಗುರಿಯ ಕಾಗದ ಆಗಷ್ಟೇ ಒಗೆದ ಬಿಳಿ ಬಟ್ಟೆಯಂತೆ ಕಲೆಯಿಲ್ಲದೆ ನಿಂತಿತ್ತು.

"ಎಲ್ಲಿಗೆ ಹೋಯ್ತು?" ಎಂದಳು ಕಕ್ಕಾಬಿಕ್ಕಿಯಾಗಿ.

ಬಂದೂಕುಮಾವ ದುರ್ಬೀನು ಏರಿಸಿ ಹುಡುಕಿದ. ಕಾರ್ಯದರ್ಶಿಗಳ ಗುರಿಯ ಪಟ್ಟನಡುವಿನಲ್ಲಿ, ಅವರು ಹುಟ್ಟಿದಾಗಿನಿಂದ ಮುಟ್ಟದ ಕಪ್ಪು ಬೊಟ್ಟಿನೊಳಗೆ, ದುಂಡಗೆ ಒಂದು ತೂತು ಬಿದ್ದಿತ್ತು.

"ಟಿಕೆಟ್ ತಗೊಂಡಿದ್ದು ಒಂದು ಊರಿಗೆ, ಇಳಿದಿದ್ದು ಇನ್ನೊಂದು ಊರಲ್ಲಿ," ಎಂದು ಕಂಡಕ್ಟರ್ ಬೆಂಚು ಬಡಿದು ನಕ್ಕ. ಅಜ್ಜಿ ಸೀಟಿ ಹೊಡೆದಳು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, ನಿಯಮದ ಪ್ರಕಾರ ಯಾರ ಕಾಗದದಲ್ಲಿ ತೂತೋ ಅಂಕ ಅವರದೇ ಎಂದು ವಾದ ಹೂಡಿ, ಆ ಹತ್ತು ಅಂಕವನ್ನು ತಮ್ಮ ಹೆಸರಿಗೇ ಬರೆಸಿಕೊಂಡರು.